ಮಂಗಳವಾರದ ಪ್ರತಿನಿಧಿ

ಮಾತಾಡುವವರಲ್ಲಿ ಎರಡು ಬಗೆ. ಎದುರು ನಿಂತು ಮುಖ ನೋಡಿ ಮಾತಾಡುವವರು ಒಂದು, ಹಿಂದೆ ನಿಂತು ಮಾತಾಡುವವರು ಇನ್ನೊಂದು. ನಾನು ಎರಡನೆಯ ಬಗೆಯವನು. ತಪ್ಪು ತಿಳಿಯಬೇಡಿ, ನನ್ನ ಕಸುಬೇ ಅಂಥದು. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಪಕ್ಕದಲ್ಲಿ ಸೆಲೂನ್ ಇಟ್ಟವನು ಗಿರಾಕಿಯ ಹಿಂದೆ ನಿಲ್ಲದೆ ಇನ್ನೆಲ್ಲಿ ನಿಲ್ಲಬೇಕು? ಮಳೆ, ಬೆಳೆ, ಚುನಾವಣೆ, ಗಂಡ ಹೆಂಡಿರ ಜಗಳ, ಯಾವುದನ್ನೇ ಎತ್ತಿ, ನನ್ನ ಹತ್ತಿರ ಅರ್ಧ ಗಂಟೆಯ ಮಾತಿದೆ. ಆದರೆ ಕೈಯಲ್ಲಿ ಕತ್ತರಿ ಇರಬೇಕು, ಮುಂದೊಂದು ತಲೆ ಇರಬೇಕು. ಈ ಗುಟ್ಟು ನನಗೇ ತಿಳಿದದ್ದು ಸರ್ಕಾರದ ದಯೆಯಿಂದ.

ಚಾಮರಾಜನಗರ ಆಗಷ್ಟೇ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ಅದೇ ಹೊತ್ತಿಗೆ ಸಣ್ಣ ವ್ಯಾಪಾರಿಗಳಿಗೆ ಆಸರೆಯಾಗಲೆಂದು ಹೊಸದೊಂದು ಕಾಯಿದೆ ಬಂತು. ಪ್ರತಿ ಊರಿನ ಸಣ್ಣ ಅಂಗಡಿಯವರಿಗೂ ಒಬ್ಬ ಪ್ರತಿನಿಧಿ ಇರಬೇಕು. ಅವನು ಜಿಲ್ಲೆಯ ಸಭೆಗೆ ಹೋಗಿ ಕಷ್ಟ ಹೇಳಬೇಕು, ಅಧಿಕಾರಿ ಕೇಳಲೇಬೇಕು. ಸಭೆಯ ಪಟ್ಟಿಗೆ ಸೇರಿದ ಅಂಗಡಿಯನ್ನು ಯಾರೂ ಎತ್ತಿಸುವಂತಿಲ್ಲ. ಚರಂಡಿ ಅಗಲ ಮಾಡಲು ನಮ್ಮ ಸಾಲಿನ ಏಳೂ ಪೆಟ್ಟಿಗೆ ಅಂಗಡಿಗಳನ್ನು ಎತ್ತಿಸುತ್ತಾರೆಂಬ ಸುದ್ದಿ ಕೇಳಿ ನಾವೆಲ್ಲ ಅನ್ನ ನಿದ್ದೆ ಬಿಟ್ಟಿದ್ದ ಕಾಲ ಅದು. ಸಭೆ ಮಾತ್ರ ಮಂಗಳವಾರ. ವ್ಯಾಪಾರ ಬಿಟ್ಟು ಯಾರು ಹೋಗುತ್ತಾರೆ? ಸೈಕಲ್ ಶಾಪಿನ ನಂಜಪ್ಪ ನನ್ನ ಕಡೆ ತಿರುಗಿದ.

"ಲೋ ಮಾದೇವ, ಮಂಗಳ್ವಾರ ನಿನ್ಗೆ ಎಂಗೂ ರಜ ಕಣ್ಲಾ. ನೀನೇ ಓಗ್ಬುಡು. ಬಾಯಿ ಬ್ಯಾರೆ ಅದೆ."

ಮಂಗಳವಾರ ನಮ್ಮ ಕಡೆ ಯಾರೂ ತಲೆಗೆ ಕತ್ತರಿ ಮುಟ್ಟಿಸುವುದಿಲ್ಲ, ಸೆಲೂನುಗಳಿಗೆಲ್ಲ ಅಂದೇ ವಾರದ ರಜ. ಟೀ ಅಂಗಡಿಯ ಕೋಯಾ ಕಾಕಾ, ಬಾಳೆಹಣ್ಣಿನ ಪುಟ್ಟತಾಯಮ್ಮ ಎಲ್ಲರೂ ತಲೆಯಾಡಿಸಿದರು. ಹೀಗೆ ನಾನು ಅವಿರೋಧವಾಗಿ ಆರಿಸಿ ಬಂದೆ, ಬುದ್ಧಿಗಲ್ಲ, ಬಿಡುವಿಗೆ. "ಮನೇಲಿ ಒಂದ್ ಮಾತ್ ಏಳುದ್ರೆ ಕಿವಿ ಕೇಳಕ್ಕಿಲ್ಲ, ಊರ್ ಕಷ್ಟ ಏಳಕ್ ಒಂಟ್ರಾ?" ಎಂದಳು ನನ್ನ ಹೆಂಡತಿ ರಾಜಮ್ಮ. ಆದರೂ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ ತಂದಿಟ್ಟಿದ್ದಳು.

ಬಸ್ಸಿನಲ್ಲಿ ಮುಂದಿನ ಸೀಟಿನವನಿಗೆ ಎರಡು ಸುಳಿ. ಆ ತಲೆಯನ್ನು ನೋಡುತ್ತ ತೆರಕಣಾಂಬಿ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಭಾಷಣವನ್ನು ಮೂರು ಸಲ ಒಪ್ಪಿಸಿದೆ. ಏನು ಓಘ, ಏನು ಗಾಂಭೀರ್ಯ! ಚಾಮರಾಜನಗರದಲ್ಲಿ ಇಳಿದವನೇ, ಬಂದದ್ದು ಬಂದಾಯಿತು ಅಂತ ಚೀಲದಲ್ಲಿದ್ದ ಕತ್ತರಿಗೆ ಸಾಣೆ ಹಿಡಿಸಿಕೊಂಡು ಸಭೆಗೆ ಹೋದೆ.

"ಗುಂಡ್ಲುಪೇಟೆಯವರು ಹೇಳಿ" ಎಂದರು ಸಭೆ ನಡೆಸುತ್ತಿದ್ದ ಸಾಹೇಬರು. ಎದ್ದು ನಿಂತೆ. ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಒಂದಾದರೂ ಬೆನ್ನು ಬೇಡವೇ? ಮೂರು ಸಲ ಒಪ್ಪಿಸಿದ ಭಾಷಣ ಎಲ್ಲಿ ಹೋಯಿತೋ! ಬಲಗೈಯ ಎರಡು ಬೆರಳು ಮಾತ್ರ ತಮ್ಮಷ್ಟಕ್ಕೆ ಗಾಳಿಯನ್ನು ಕತ್ತರಿಸುತ್ತಿದ್ದವು. ಕೊನೆಗೆ "ಎಲ್ಲಾ ಚೆನ್ನಾಗದೆ ಸಾರ್" ಎಂದು ಕೂತುಬಿಟ್ಟೆ. ಗುಮಾಸ್ತ "ಗುಂಡ್ಲುಪೇಟೆ, ತೊಂದರೆ ಇಲ್ಲ" ಎಂದು ಬರೆದುಕೊಂಡ. ಅಯ್ಯೋ ಶಿವನೇ, ಏಳು ಮನೆಯ ಅನ್ನಕ್ಕೆ ನಾನೇ ಮಣ್ಣು ಹಾಕಿದ್ದೆ.

ಸಭೆ ಮುಗಿದ ಮೇಲೆ ಜಗುಲಿಯಲ್ಲಿ ಅಳುಮೋರೆ ಹಾಕಿಕೊಂಡು ನಿಂತಿದ್ದೆ. ಸಾಹೇಬರು ನನ್ನ ಮುಂದೆಯೇ ಹಾದುಹೋದರು. ಅವರ ಹಿಂದಲೆ ಕಂಡಿತು. ಎಡಗಿವಿಯ ಪಕ್ಕದ ಕೂದಲು ಬಲಗಡೆಯದಕ್ಕಿಂತ ಅರ್ಧ ಬೆರಳು ಉದ್ದ! "ಸಾರ್, ಎಡಗಡೆ ಒಸಿ ಎಚ್ಚಾಗದೆ" ಎಂದು ಬಾಯಿಂದ ಹೊರಟೇಹೋಯಿತು. ಅವರು ಗಾಬರಿಯಾಗಿ ಕಿವಿ ಮುಟ್ಟಿಕೊಂಡರು. ಮರುದಿನ ಮಂತ್ರಿಗಳು ಬರುವವರಿದ್ದರಂತೆ.

"ಕತ್ತರಿ ಇದೆಯೇನ್ರೀ? ಆದ್ರೆ ಇವತ್ತು ಮಂಗಳವಾರ..."

"ಇದು ಕಟಿಂಗ್ ಅಲ್ಲ ಸಾರ್, ಬರೀ ಸರಿ ಮಾಡದು."

ಕುರ್ಚಿ ಬಂತು. ಹಿಂದೆ ನಿಂತೆ. ಕತ್ತರಿ ಕಿಚ್ ಕಿಚ್ ಅಂದದ್ದೇ ತಡ, ಮಾತು ಹರಿಯಿತು ನೋಡಿ! ಚರಂಡಿ, ಸಾಲು, ಕಾಯಿದೆ, ಪುಟ್ಟತಾಯಮ್ಮನ ಇಬ್ಬರು ಹೆಣ್ಣುಮಕ್ಕಳು, ಒಂದೂ ಬಿಡಲಿಲ್ಲ. ಕಿವಿಯ ಬಳಿ ಕತ್ತರಿ ಆಡುತ್ತಿರುವಾಗ ತಲೆ ಅಡ್ಡಡ್ಡ ಆಡಿಸುವ ಧೈರ್ಯ ಯಾರಿಗಿದೆ? ಸಾಹೇಬರು ಎಲ್ಲದಕ್ಕೂ ಹ್ಞೂಂ ಎಂದರು. "ಯಾರ್ಯಾರ ಅಂಗಡಿ ಹೇಳಿ, ಈಗಲೇ ಬರೆಸ್ತೀನಿ" ಎಂದು ಗುಮಾಸ್ತನನ್ನು ಕರೆದರು. ನಾನು ಕಣ್ಣು ಮುಚ್ಚಿ, ನಮ್ಮ ಸಾಲನ್ನು ನೆನೆದು, ಎಡಕ್ಕೆ ಮೂವರು, ಬಲಕ್ಕೆ ಮೂವರು ಅಂತ ಒಂದೊಂದೇ ಹೆಸರು ಹೇಳಿದೆ.

ಮುಂದಿನ ವಾರ ಪಟ್ಟಿ ಬಂತು. ಕೋಯಾ ಕಾಕಾ ಎಲ್ಲರಿಗೂ ಬಿಟ್ಟಿ ಟೀ ಕೊಟ್ಟ. ಪುಟ್ಟತಾಯಮ್ಮ ನನ್ನ ಕೈಗೆ ಒಂದು ಚಿಪ್ಪು ರಸಬಾಳೆ ಇಟ್ಟು, "ನಿನ್ ಒಟ್ಟೆ ತಣ್ಣಗಿರ್ಲಿ ಕಪ್ಪ" ಎಂದಾಗ ನನಗೆ ನಿಜವಾಗಿ ಕಣ್ಣು ತುಂಬಿತು. ನಂಜಪ್ಪ ಪಟ್ಟಿಯನ್ನು ಗಟ್ಟಿಯಾಗಿ ಓದಿ ಮುಗಿಸಿ, ಮತ್ತೊಮ್ಮೆ ಎಣಿಸಿದ. "ಲೋ, ಆರೇ ಅವೆ ಕಣ್ಲಾ. ನಿನ್ ಸೆಲೂನ್ ಎಲ್ಲೋಯ್ತ್ಲಾ?"

ಪಟ್ಟಿ ಕಿತ್ತುಕೊಂಡು ನೋಡಿದೆ, ನನ್ನ ಹೆಸರೇ ಇಲ್ಲ. ಇಪ್ಪತ್ತು ವರ್ಷದಿಂದ ನನ್ನ ಬಾಗಿಲಲ್ಲಿ ನಿಂತೇ ನಾನು ಆ ಸಾಲನ್ನು ನೋಡಿದ್ದು. ಅಲ್ಲಿ ನಿಂತರೆ ಎಡ ಬಲದ ಅಂಗಡಿಗಳೆಲ್ಲ ಕಾಣುತ್ತವೆ, ನನ್ನದೊಂದು ಬಿಟ್ಟು. ರಾಜಮ್ಮ ಮೊದಲು ಹಣೆ ಚಚ್ಚಿಕೊಂಡಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮುಂದಿನ್ ಸಭೆಗೆ ನಾ ಬಂದು ಏಳ್ತೀನಿ ಬುಡು" ಎಂದ ನಂಜಪ್ಪ. ಆದರೆ ಸಭೆ ಮಂಗಳವಾರ, ಅವನ ರಜ ಭಾನುವಾರ.

ಚರಂಡಿ ಕೆಲಸ ಇನ್ನೂ ನಮ್ಮ ಸಾಲಿಗೆ ಬಂದಿಲ್ಲ. ನಾನು ಸಭೆಗೆ ತಪ್ಪದೆ ಹೋಗುತ್ತೇನೆ, ಎಲ್ಲರಿಗಿಂತ ಹಿಂದೆ ಕೂತು ಸಾಹೇಬರ ತಲೆಯನ್ನೇ ನೋಡಿ ಬರುತ್ತೇನೆ. ಅವರ ಕೂದಲು ಬೆಳೆಯಲಿ, ಆಮೇಲೆ ನನ್ನ ಮಾತು ನೋಡಿ. ಏನು ಮಾಡುವುದು, ಆವತ್ತು ಹೊಸ ಸಾಣೆಯ ಹುಮ್ಮಸ್ಸಿನಲ್ಲಿ ತೀರಾ ಗಿಡ್ಡ ಮಾಡಿಬಿಟ್ಟಿದ್ದೇನೆ.