ಸೇನಾಪತಿಯ ಎಡಗಣ್ಣು

ಮುಚ್ಚಿದ ಪೆಟ್ಟಿಗೆ ಕಂಡರೆ ತೆರೆದು ನೋಡದೆ ಇರಲಾರದ ಕಾಯಿಲೆಯೊಂದು ನನಗಿದೆ. ಇದನ್ನು ಕುತೂಹಲ ಎಂದು ತಿಳಿದು ಯಾರೂ ನನ್ನನ್ನು ಹೊಗಳಬೇಕಾಗಿಲ್ಲ. ಕುತೂಹಲ ಇರುವವರು ಒಳಗೆ ಏನಿದೆ ಎಂದು ನೋಡುತ್ತಾರೆ. ನಾನು ಒಳಗಿರುವುದರಲ್ಲಿ ಏನು ಕೆಟ್ಟಿದೆ ಎಂದು ನೋಡುತ್ತೇನೆ. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಆಗಿದ್ದರೆ ಮನೆಯಲ್ಲಿ ಒಂದಿಷ್ಟು ಮರ್ಯಾದೆಯಾದರೂ ಸಿಗುತ್ತಿತ್ತು. ಹೊರಗಿನಿಂದ ಬರುವ, ಒಳಗೆ ತಯಾರಾಗುವ ಮಾಲನ್ನು ತೆರೆದು, ಅಳತೆ ನೋಡಿ, ಬಣ್ಣ ಒಂದೇ ಸಮ ಕೂತಿದೆಯೇ, ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ಪರೀಕ್ಷಿಸಿ, ಹಸಿರು ಚೀಟಿಯನ್ನೋ ಕೆಂಪು ಚೀಟಿಯನ್ನೋ ಅಂಟಿಸುವುದು ನನ್ನ ಕೆಲಸ. ಕೆಂಪು ಚೀಟಿ ಅಂಟಿಸಿದ ದಿನ ನನಗೆ ಒಳ್ಳೆಯ ನಿದ್ದೆ ಬರುತ್ತದೆ. ಹಸಿರು ಅಂಟಿಸಿದ ದಿನ ಏನೋ ಕಣ್ತಪ್ಪಿ ಹೋಯಿತೇನೋ ಎಂದು ಮಗ್ಗುಲು ಬದಲಿಸುತ್ತಿರುತ್ತೇನೆ.

ಈ ಗುಣ ಕಾರ್ಖಾನೆಯ ಗೇಟಿನಲ್ಲೇ ಉಳಿದುಕೊಳ್ಳುವುದಿಲ್ಲ. ಸಂಜೆ ಬಸ್ಸು ಹತ್ತಿ ನನ್ನ ಜೊತೆಗೇ ಮನೆಗೆ ಬರುತ್ತದೆ. ಮದುವೆಗೆ ಹೋದರೆ ವಧೂವರರಿಗಿಂತ ಮೊದಲು ನನಗೆ ಕಾಣುವುದು ಮಂಟಪದ ಬಲಗಡೆಯ ಕಂಬ ಒಂದಿಂಚು ವಾಲಿರುವುದು. ಹೆಂಡತಿ ಗಿರಿಜಾ ರೊಟ್ಟಿ ಬಡಿದು ತಟ್ಟೆಗೆ ಹಾಕಿದರೆ ಅದನ್ನು ಬೆಳಕಿಗೆ ಹಿಡಿದು ಅಂಚು ನೋಡುತ್ತೇನೆ. ಮೊದಮೊದಲು ಅವಳು ಬೇಸರ ಮಾಡಿಕೊಳ್ಳುತ್ತಿದ್ದಳು. ಈಗ, "ರಿಜೆಕ್ಟ್ ಆದ್ರ ಅಲ್ಲೇ ಇಡ್ರಿ, ಆಕಳಿಗೆ ಹಾಕ್ತೀನಿ" ಎನ್ನುತ್ತಾಳೆ. ಅಲ್ಲಿಗೆ ನನ್ನ ತಪಾಸಣೆ ಮುಗಿದು ಊಟ ಶುರುವಾಗುತ್ತದೆ. ನಾವು ಗದಗಿನ ಕಡೆಯವರು. ಬೆಂಗಳೂರಿಗೆ ಬಂದು ಎರಡು ದಶಕ ದಾಟಿದರೂ ಮನೆಯೊಳಗಿನ ಮಾತೂ ರೊಟ್ಟಿಯೂ ಊರಿನವೇ.

ಗಿರಿಜಾಳ ತಮ್ಮ ಬಸು ಯಲಹಂಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ವಯಸ್ಸು ಮೂವತ್ತಾರು. ಗೊಂಬೆಗಳ ಹುಚ್ಚು. ಗೊಂಬೆ ಎಂದರೆ ಅವನಿಗೆ ಸಿಟ್ಟು. "ಮಾಮಾ, ಗೊಂಬೆ ಅಲ್ಲ, ಕಲೆಕ್ಟಿಬಲ್" ಎಂದು ವಿದ್ಯಾರ್ಥಿಯನ್ನು ತಿದ್ದುವಂತೆ ನನ್ನನ್ನು ತಿದ್ದುತ್ತಾನೆ. ಅಕ್ಕನ ಗಂಡನನ್ನು ಮಾಮಾ ಎನ್ನುವುದು ನಮ್ಮ ಮನೆಯ ರೂಢಿ. ಸಿನಿಮಾದ ಪಾತ್ರಗಳನ್ನು ಗೇಣುದ್ದ ಮೊಳದುದ್ದ ಮಾಡಿ, ಬಣ್ಣ ಬಳಿದು, ಮುಂದೆ ಪಾರದರ್ಶಕ ಕಿಟಕಿಯಿರುವ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರಂತೆ. ಕೊಂಡವರು ಪೆಟ್ಟಿಗೆ ಬಿಚ್ಚದೆ ಕಪಾಟಿನಲ್ಲಿಟ್ಟು ನೋಡುತ್ತಾರಂತೆ. ಅದಕ್ಕೆ ಬಿಸಿಲು ಬೀಳಬಾರದು, ಗಾಳಿ ತಾಗಬಾರದು, ಸೀಲು ಒಡೆದರಂತೂ ಮುಗಿಯಿತು. ನಮ್ಮೂರಿನ ಹಿರಿಯ ಹೆಂಗಸರೂ ಇಷ್ಟು ಮಡಿ ಮಾಡಿದ್ದನ್ನು ನಾನು ಕಂಡಿಲ್ಲ.

ಬಸು ಕೊಡಿಗೇಹಳ್ಳಿಯ ಹಳೇ ಮನೆಯೊಂದರ ಕೆಳಭಾಗದಲ್ಲಿ ಬಾಡಿಗೆಗಿದ್ದ. ಮನೆಯ ಮಾಲೀಕರು ಅಲ್ಲಿಯ ಮೂಲ ರೈತ ಕುಟುಂಬದವರು. ಒಂದು ಬೆಳಿಗ್ಗೆ ಅವರು ಬಂದು, "ಏನೂ ಅಂದ್ಕೋಬ್ಯಾಡಿ ಮೇಷ್ಟ್ರೇ, ಇದ್ನ ಒಡ್ದಾಕಿ ನಾಕ್ ಫ್ಲೋರ್ ಏಳುಸ್ತಾ ಇವ್ನಿ. ಒಂದ್ ಅದ್ನೈದ್ ದಿನ್ದಲ್ಲಿ ಖಾಲಿ ಮಾಡ್ಕೊಟ್ಬುಡಿ" ಎಂದರಂತೆ. ಬಸು ತನ್ನ ಮಂಚ, ಪುಸ್ತಕ, ಉಳಿದ ಗೊಂಬೆಗಳನ್ನೆಲ್ಲ ಸಹೋದ್ಯೋಗಿಯ ಗ್ಯಾರೇಜಿಗೆ ಸಾಗಿಸಿದ. ಒಂದೇ ಒಂದು ಪೆಟ್ಟಿಗೆಯನ್ನು ಮಾತ್ರ ಕೂಸಿನಂತೆ ಎದೆಗವಚಿಕೊಂಡು ನಮ್ಮ ಮನೆಗೆ ತಂದ.

"ಮಾಮಾ, ಹೊಸ ಮನೆ ಸಿಗೋವರ್ಗೂ ಇದೊಂದು ಇಲ್ಲಿರ್ಲಿ. ಬೇರೆ ಕಡೆ ಇಡೋಕೆ ನಂಗೆ ಮನಸ್ಸಿಲ್ಲ. ಪ್ಲೀಸ್, ಓಪನ್ ಮಾತ್ರ ಮಾಡ್ಬೇಡಿ."

ಬಸುವಿನ ಮಾತು ಈಗ ಪೂರಾ ಬೆಂಗಳೂರಿನದು; ಮನಸ್ಸು ಕಲಕಿದಾಗ ಮಾತ್ರ ಊರಿನ ಮಾತು ಹೊರಗೆ ಬರುತ್ತದೆ. ನಾನು ಆಗಲಿ ಎಂದು ಗಂಭೀರವಾಗಿ ತಲೆಯಾಡಿಸಿದೆ. ಆದರೆ ಓದುಗರೇ, ತೆರೆಯಬೇಡಿ ಎಂದು ಹೇಳಿ ಯಾರಾದರೂ ಮಾಲು ಒಪ್ಪಿಸಿದರೆ ಒಳಗೆ ಏನೋ ಎಡವಟ್ಟಿದೆ ಎಂದೇ ಅರ್ಥ. ಇದು ನನ್ನ ವೃತ್ತಿಯ ಅನುಭವ.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಭಾನುವಾರ. ಪೆಟ್ಟಿಗೆಯ ಧೂಳು ಒರೆಸುವ ನೆಪದಲ್ಲಿ ಕಿಟಕಿಯೊಳಗೆ ಇಣುಕಿದೆ. ಯಾವುದೋ ಯುದ್ಧದ ಸಿನಿಮಾದಲ್ಲಿ ಬರುವ ಮುದಿ ಸೇನಾಪತಿಯ ಗೊಂಬೆ. ಮೊಳದುದ್ದದ ಆಳು, ಪೊದೆ ಮೀಸೆ, ತುಕ್ಕು ಹಿಡಿದ ಕವಚ, ಕೈಯಲ್ಲಿ ಕತ್ತಿ. ಎಲ್ಲ ಸರಿ, ಆದರೆ ಕಣ್ಣು? ಬಲಗಣ್ಣು ನೇರವಾಗಿ ಶತ್ರುವನ್ನು ನೋಡುತ್ತಿದ್ದರೆ ಎಡಗಣ್ಣು ನಮ್ಮ ಅಡುಗೆಮನೆಯ ಕಡೆ ನೋಡುತ್ತಿತ್ತು. ಬಣ್ಣ ಹಾಕಿದವನ ಕೈ ಜಾರಿ ಕಣ್ಣಿನ ಪಾಪೆ ಪಕ್ಕಕ್ಕೆ ಸರಿದಿತ್ತು. ನನ್ನ ಎದೆ ಸಂತೋಷದಿಂದ ಹೊಡೆದುಕೊಂಡಿತು. ಬ್ಲೇಡು ತಂದು ಸೀಲು ಕತ್ತರಿಸಿದೆ.

"ಬಸೂ ಬ್ಯಾಡ ಅಂದಿದ್ದನಲ್ರೀ?" ಎಂದಳು ಗಿರಿಜಾ.

"ಡಿಫೆಕ್ಟ್ ಪೀಸ್ ಕೊಟ್ಟು ಅವಂಗ ಮೋಸ ಮಾಡ್ಯಾರ. ಅವಂಗ ಗೊತ್ತಽ ಆಗಿಲ್ಲ. ಪಾಪ, ಮಾಸ್ತರ ಮಂದಿ."

ಅವಳು ಸೇನಾಪತಿಯನ್ನು ಕೈಗೆತ್ತಿಕೊಂಡು ಒಂದು ಗಳಿಗೆ ನೋಡಿದಳು. "ಇರ್ಲಿ ಬಿಡ್ರಿ. ಹಿಂಗಽ ಚಂದ ಅದಾನ. ಯಾರನ್ನೋ ನೋಡಿದ್ಹಂಗ ಅನಸ್ತದ" ಎಂದು ವಾಪಸು ಕೊಟ್ಟು, ಒಲೆಯ ಮೇಲಿನ ಹಾಲು ನೋಡಲು ಹೋದಳು. ತಾಂತ್ರಿಕ ವಿಷಯಗಳಲ್ಲಿ ಇಂಥ ಅಭಿಪ್ರಾಯಗಳಿಗೆ ನಾನು ಬೆಲೆ ಕೊಡುವುದಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಬೇರೆಯವರು ಬಳಿದ ಬಣ್ಣವನ್ನು ತಿರಸ್ಕರಿಸುತ್ತ ಬಂದ ನಾನು ಒಂದು ದಿನವೂ ಕುಂಚ ಹಿಡಿದವನಲ್ಲ. ಕಾರ್ಖಾನೆಯ ಪೇಂಟರೊಬ್ಬ ಒಮ್ಮೆ ತಾಳ್ಮೆಗೆಟ್ಟು, "ಸಾರ್, ಒಂದೇ ಒಂದ್ಸಲ ನೀವೇ ಹೊಡ್ದು ತೋರ್ಸ್ಬಿಡಿ, ನೋಡ್ಕೋತೀನಿ" ಎಂದಿದ್ದ. ಅದು ನನ್ನ ಕೆಲಸವಲ್ಲ ಎಂದು ಹೇಳಿ ಅವನು ಬಣ್ಣ ಹೊಡೆದ ತಗಡಿಗೆ ಕೆಂಪು ಚೀಟಿ ಅಂಟಿಸಿ ಬಂದಿದ್ದೆ. ಈಗ ದೇವರೇ ಅವಕಾಶ ಒದಗಿಸಿದ್ದ. ಆರ್.ಟಿ. ನಗರದ ಸ್ಟೇಷನರಿ ಅಂಗಡಿಯಿಂದ ಸಪೂರ ಕುಂಚಗಳನ್ನೂ ಬಣ್ಣಗಳನ್ನೂ ತಂದೆ. ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡೆ. ಅದರಲ್ಲಿ ಒಬ್ಬ ತರುಣ ಉಸಿರೂ ಆಡದೆ ಹತ್ತು ನಿಮಿಷದಲ್ಲಿ ಗೊಂಬೆಗೆ ಹೊಸ ಮುಖವನ್ನೇ ಬರೆದುಬಿಟ್ಟ. ನನಗೆ ಹತ್ತು ದಿನ ಹಿಡಿಯಿತು. ಅದರಲ್ಲಿ ಮೂರು ದಿನ ಬರೀ ಮೂಗಿಗೆ.

ಮೂಗಿಗೆ ಏನಾಗಿತ್ತು ಎಂದು ಕೇಳಬಹುದು. ಏನೂ ಆಗಿರಲಿಲ್ಲ, ನಾನು ಕೈ ಹಾಕುವವರೆಗೆ. ಹೊಸ ಬಣ್ಣ ಹಚ್ಚುವ ಮೊದಲು ಹಳೆಯದನ್ನು ತೆಗೆಯಬೇಕು ಎಂಬುದು ನಿಯಮ. ಗಿರಿಜಾ ಉಗುರುಬಣ್ಣ ತೆಗೆಯಲು ಇಟ್ಟುಕೊಂಡಿದ್ದ ಬಾಟಲಿ ಕಣ್ಣಿಗೆ ಬಿತ್ತು. ಹತ್ತಿಯಲ್ಲಿ ಅದ್ದಿ ಮುಖ ಒರೆಸಿದೆ. ಬಣ್ಣ ಬಂತು, ಅದರ ಹಿಂದೆಯೇ ಮೂಗೂ ಬಂತು. ಪ್ಲಾಸ್ಟಿಕ್ಕು ಬೆಣ್ಣೆಯಂತೆ ಕರಗಿ ಸೇನಾಪತಿ ಚಪ್ಪಟೆಯಾದ. ಪೈಪು ಸೋರಿದರೆ ಮೆತ್ತುವ ಅಂಟಿನ ಉಂಡೆಯಿಂದ ಹೊಸ ಮೂಗು ಕಟ್ಟಿದೆ. ಮೊದಲನೆಯದು ಬದನೆಕಾಯಿಯಾಯಿತು, ಎರಡನೆಯದು ಗಿಣಿಯ ಕೊಕ್ಕಾಯಿತು, ಮೂರನೆಯದನ್ನು ಮೂಗು ಎನ್ನಲು ಅಡ್ಡಿಯಿರಲಿಲ್ಲ. ಕವಚದ ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದೆ, ಶಿಸ್ತಾಗಿ ರೆಡ್ ಆಕ್ಸೈಡ್ ಹೊಡೆದೆ, ಮೇಲೆ ಎರಡು ಕೋಟು ಬೂದುಬಣ್ಣ. ಕೊನೆಗೆ ಕಣ್ಣು. ಸ್ಕೇಲು ಇಟ್ಟು ಅಳೆದು, ಎರಡೂ ಪಾಪೆಗಳನ್ನು ಒಂದೇ ಗೆರೆಯಲ್ಲಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರಿಸಿದೆ. ಸೇನಾಪತಿ ಈಗ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಳ್ಳುತ್ತಿರುವವನಂತೆ ನೆಟ್ಟಗೆ ನೋಡತೊಡಗಿದ. ನಾನು ಕಾಲಡಿಗೆ ಒಂದು ಹಸಿರು ಚೀಟಿ ಅಂಟಿಸಿದೆ. ಆ ರಾತ್ರಿ ನಿದ್ದೆಯೂ ಚೆನ್ನಾಗಿ ಬಂತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ಭಾನುವಾರ ಬಸು ಬಂದ. ಯಶವಂತಪುರದಲ್ಲಿ ಮನೆ ಸಿಕ್ಕಿತ್ತು. ಒಳಗೆ ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ಬಾಯಿ ತೆರೆದ ಖಾಲಿ ಪೆಟ್ಟಿಗೆ.

"ಓಪನ್ ಮಾಡಿದ್ರಾ ಮಾಮಾ?"

ನಾನು ಸಿದ್ಧಮಾಡಿಕೊಂಡಿದ್ದ ಭಾಷಣ ಶುರುಮಾಡಿದೆ. ಅವನು ಕೇಳಿಸಿಕೊಳ್ಳದೆ ಶೋಕೇಸಿನಿಂದ ಸೇನಾಪತಿಯನ್ನು ತೆಗೆದು ತಿರುಗಿಸಿ ನೋಡಿದ. "ಕವಚದ ಮೇಲೆ ತುಕ್ಕಿತ್ತಲ್ಲ? ಅದನ್ನ ಬೇಕಂತಲೇ ಪೇಂಟ್ ಮಾಡಿರ್ತಾರೆ ಮಾಮಾ."

"ಪೂರಾ ತಿಕ್ಕಿ ತೆಗದೀನಿ. ಕೆಳಗ ರೆಡ್ ಆಕ್ಸೈಡ್ ಹೊಡದೀನಿ. ಇನ್ನ ಹತ್ತು ವರ್ಷ ತುಕ್ಕು ಹತ್ತಂಗಿಲ್ಲ ನೋಡು!"

"ಇದು ಪ್ಲಾಸ್ಟಿಕ್ಕು ಮಾಮಾ."

ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ನನಗೂ ಗೊತ್ತಿರುವ ಸಂಗತಿಯೇ. ಆ ಹತ್ತು ದಿನ ಮಾತ್ರ ಗೊತ್ತಿರಲಿಲ್ಲ. ಬಸು, "ಹೋಗ್ಲಿ ಬಿಡಿ, ಬಾಕ್ಸೂ ಹೋಗ್ಲಿ, ತುಕ್ಕೂ ಹೋಗ್ಲಿ" ಎಂದು ನಗಲು ನೋಡಿದ. ಒಳ್ಳೆಯ ಹುಡುಗ. ಆಮೇಲೆ ಅವನು ಸೇನಾಪತಿಯ ಮುಖ ನೋಡಿದ. ನಗು ನಿಂತಿತು.

"ಕಣ್ಣು?"

"ಸರಿ ಮಾಡೀನಿ."

"ಯಾಕ್ರಿ ಮಾಮಾ?" ಊರಿನ ಮಾತು ಬಂದುಬಿಟ್ಟಿತು. "ಅಂಗಡ್ಯಾಗ ಇಂಥಾವು ಒಂಬತ್ತು ಇದ್ವು. ಎಂಟರ ಕಣ್ಣು ನೆಟ್ಟಗಿದ್ವು. ಇದನ್ನ ವಾಪಸ್ ಕಳಸೋದೈತಿ, ಬ್ಯಾರೇದು ತಗೋರಿ ಅಂದ ಅಂಗಡಿಯಾಂವ. ನಾನಽ ಕೇಳಲಿಲ್ಲ, ಇದಽ ಬೇಕು ಅಂತ ತಂದೆ. ಥೇಟ್ ಅಪ್ಪಾ ನೋಡಿದಂಗ ನೋಡ್ತಿತ್ರಿ."

ಗಿರಿಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು. "ಅಯ್ಯ, ಹೌದಲ್ಲೋ. ಅದಕ್ಕಽ ಯಾರನ್ನೋ ನೋಡಿದ್ಹಂಗ ಅನಸಿತ್ತು" ಎಂದವಳು ಅಲ್ಲೇ ಕುರ್ಚಿಯ ಮೇಲೆ ಕುಳಿತಳು. ಗೋಡೆಯ ಮೇಲೆ ಮಾವನವರ ಫೋಟೊ ಇದೆ. ಆದರೆ ಸ್ಟುಡಿಯೋದವನು ಅದರಲ್ಲಿ ಕಣ್ಣನ್ನು ತಿದ್ದಿ ನೆಟ್ಟಗೆ ಮಾಡಿಕೊಟ್ಟಿದ್ದಾನೆ. ಅವನೂ ನನ್ನಂಥವನೇ. ಆ ನೋಟ ಇನ್ನೂ ಉಳಿದಿದ್ದದ್ದು ಜಗತ್ತಿನಲ್ಲಿ ಒಂದೇ ಕಡೆ, ಅದನ್ನು ನಾನು ಉಗುರುಬಣ್ಣದ ಔಷಧಿ ಹಾಕಿ ಒರೆಸಿಬಿಟ್ಟಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅದನ್ನು ತಮಾಷೆ ಮಾಡಿ ತೇಲಿಸಲು ನನ್ನಿಂದ ಆಗುತ್ತಿಲ್ಲ.

ಮಾವನವರು ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ತೀರಿಕೊಂಡು ಆರು ವರ್ಷವಾಯಿತು. ಅವರ ಎಡಗಣ್ಣು ಸದಾ ಪಕ್ಕಕ್ಕೆ. ಯಾರನ್ನು ನೋಡುತ್ತಿದ್ದಾರೆಂದು ತಿಳಿಯದೆ ಇಡೀ ತರಗತಿ ತೆಪ್ಪಗಿರುತ್ತಿತ್ತಂತೆ. ನಾನು ಕನ್ಯೆ ನೋಡಲು ಹೋದ ದಿನ ಪಕ್ಕದಲ್ಲಿ ನಮ್ಮ ಕಾಕಾ ಕುಳಿತಿದ್ದರು. ಕಾಕಾ ಅಂಚೆ ಕಚೇರಿಯಲ್ಲಿದ್ದರು. ನಾನಿನ್ನೂ ಟ್ರೇನಿ, ನಾಳೆ ಇರುತ್ತೇನೋ ಇಲ್ಲವೋ ಗೊತ್ತಿರಲಿಲ್ಲ. ಮಾವನವರು, "ನೌಕರಿ ಖಾಯಂ ಏನ್ರಿ?" ಎಂದರು. ಪ್ರಶ್ನೆ ನನಗೆ, ಕಣ್ಣು ಕಾಕಾನ ಕಡೆ. "ಹೌದ್ರಿ, ಖಾಯಂ ಆಗೇದ್ರಿ" ಎಂದರು ಕಾಕಾ, ತಮ್ಮ ನೌಕರಿಯ ಬಗ್ಗೆ, ಎದೆಯುಬ್ಬಿಸಿ. ನನ್ನ ಬಾಯಿತುಂಬ ಅವಲಕ್ಕಿ ಇತ್ತು. ನಾನು ಸುಮ್ಮನೆ ಅಗಿಯುತ್ತಿದ್ದೆ. ಮದುವೆ ಗೊತ್ತಾಯಿತು. ಮುಂದೆ ನಿಜ ತಿಳಿದಾಗ ಮಾವನವರು ಬೈಯಲಿಲ್ಲ. "ತಪ್ಪು ನನ್ನ ಕಣ್ಣಿಂದು ತಗೋರಿ" ಎಂದು ನಕ್ಕುಬಿಟ್ಟರು. ಅಂದರೆ ಆ ಕಣ್ಣು ನೆಟ್ಟಗಿದ್ದಿದ್ದರೆ ನನಗೆ ಗಿರಿಜಾಳೂ ಇಲ್ಲ, ಈ ಮನೆಯೂ ಇಲ್ಲ. ಅಂಥ ಕಣ್ಣನ್ನು ಸ್ಕೇಲು ಹಿಡಿದು ಸರಿಮಾಡಿದ ಮಹಾನುಭಾವ ನಾನು.

"ಮೊದಲಿನ್ಹಂಗ ಮಾಡಿ ಕೊಡ್ತೀನಿ ಬಸು" ಎಂದೆ. ಅವನು ನಂಬಲಿಲ್ಲ, ಆದರೂ ಗೊಂಬೆಯನ್ನು ಬಿಟ್ಟು ಹೋದ. ಅಂದಿನಿಂದ ನನ್ನ ಕಷ್ಟ ಶುರುವಾಯಿತು. ಕಣ್ಣನ್ನು ನೆಟ್ಟಗೆ ಬರೆಯಲು ಸ್ಕೇಲು ಸಾಕು. ಹಾಗೆ ಸೊಟ್ಟಗೆ ಬರೆಯಲು ಯಾವ ಸ್ಕೇಲೂ ಇಲ್ಲ. ಬರೆಯುವುದು, ಕಾಯುವುದು, ಅಕ್ಕ ತಮ್ಮ ಇಬ್ಬರ ಮುಂದೆ ಹಾಜರುಪಡಿಸುವುದು. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. "ಇದು ಕಳ್ಳನ ಕಣ್ಣು" ಎನ್ನುತ್ತಾಳೆ ಗಿರಿಜಾ. "ಅಪ್ಪಾ ಇಷ್ಟು ಸಿಟ್ಟಿಲೆ ಯಾವಾಗ ನೋಡಿದ್ದ?" ಎನ್ನುತ್ತಾನೆ ಬಸು. ಒಮ್ಮೆ ನಿದ್ದೆಗಣ್ಣು ಎಂದರು, ಒಮ್ಮೆ ಗಾಬರಿಯಾಗಿದ್ದಾನೆ ಎಂದರು. ನಾನು ಕೈಕಟ್ಟಿಕೊಂಡು ನಿಂತು, ಕಾರ್ಖಾನೆಯ ಪೇಂಟರನ ಮುಖ ಯಾಕೆ ಹಾಗಿರುತ್ತಿತ್ತು ಎಂದು ತಡವಾಗಿ ಅರ್ಥಮಾಡಿಕೊಳ್ಳುತ್ತೇನೆ.

ಕಳೆದ ಭಾನುವಾರದ್ದು ಎಂಟನೆಯ ಪ್ರಯತ್ನ. ಈ ಸಲ ಗಿರಿಜಾ ಬಹಳ ಹೊತ್ತು ನೋಡಿದಳು. ಮುಖದ ಮೇಲೆ ಸಣ್ಣ ನಗು ಬಂತು. ನನಗೆ ಜೀವ ಬಂದಂತಾಯಿತು.

"ಅಪ್ಪನ್ಹಂಗ ಏನೂ ಇಲ್ಲ" ಎಂದಳು. "ಕನ್ಯಾ ನೋಡಾಕ ಬಂದಾಗ ಅವಲಕ್ಕಿ ತಿನ್ಕೋತ ಕುಂತಿದ್ರಲ್ಲ ನೀವು, ಥೇಟ್ ಹಂಗ ಕಾಣ್ತದ."

"ಹಂಗಾದ್ರ ಚಲೋನಽ ಆಗೇದಲ್ಲ?"

ಅವಳು ಸೇನಾಪತಿಯನ್ನು ನನ್ನ ಕೈಗೆ ಹಿಂದಿರುಗಿಸಿ ಎದ್ದಳು. "ಅವತ್ತಽ ರಿಜೆಕ್ಟ್ ಆಗಬೇಕಾಗಿದ್ದ ಮಾಲದು. ಅಪ್ಪಾ ಸರಿ ನೋಡ್ಲಾರದಽ ಪಾಸ್ ಮಾಡಿದ."

ನಾನು ಸೇನಾಪತಿಯನ್ನು ಶೋಕೇಸಿನಲ್ಲಿಟ್ಟೆ. ಒಂದು ಸಲ ಪಾಸಾಗಿ ಒಳಗೆ ಬಂದ ಮಾಲನ್ನು ಇಷ್ಟು ವರ್ಷಗಳ ಮೇಲೆ ಯಾರೂ ವಾಪಸು ಕಳಿಸುವಂತಿಲ್ಲ ಎಂಬ ನಿಯಮವೊಂದೇ ಈಗ ನನ್ನನ್ನು ಈ ಮನೆಯಲ್ಲಿ ಉಳಿಸಿರುವುದು.