ನರಸೀಪುರದವರು ಎದ್ದು ಹೋಗುವುದಿಲ್ಲವಂತೆ!

ನಮ್ಮ ಸೋದರಮಾವನಿಗೆ ಈ ಭೂಮಂಡಲದಲ್ಲಿ ಒಂದೇ ಒಂದು ಊರನ್ನು ಕಂಡರೆ ಆಗುತ್ತಿರಲಿಲ್ಲ. ಗ್ರಹಚಾರ ನೋಡಿ, ದಿನಕ್ಕೆ ಇನ್ನೂರು ಸಲ ಅದೇ ಊರಿನ ಹೆಸರನ್ನು ಗಂಟಲು ಹರಿಯುವಂತೆ ಕೂಗಿದರೇನೇ ಅವರ ಮನೆಯ ಒಲೆ ಉರಿಯುತ್ತಿತ್ತು! ಮಾವ ನಂಜನಗೂಡಿನಲ್ಲಿ ಖಾಸಗಿ ಬಸ್ಸಿನ ಏಜೆಂಟ್. ಬೆಳಗಿನಿಂದ ಸಂಜೆಯವರೆಗೆ "ನರಸೀಪುರ, ನರಸೀಪುರ, ನರಸೀಪುರಾ... ಸೀಟದೆ ಬನ್ನಿ, ಸೀಟದೆ ಬನ್ನಿ" ಎಂದು ಕೂಗುವುದು ಅವರ ಉದ್ಯೋಗ. ಬಸ್ಸು ಹೊರಟ ಮರುಕ್ಷಣ "ಥೂ, ದರಿದ್ರದ ಊರು" ಎಂದು ಉಗಿಯುವುದು ಅವರ ಹವ್ಯಾಸ.

ಆ ಊರು ಏನು ಪಾಪ ಮಾಡಿತ್ತು ಅಂತೀರಾ? ಏನೂ ಇಲ್ಲ. ಅದಕ್ಕೊಂದು ಫುಟ್‌ಬಾಲ್ ಕ್ಲಬ್ ಇತ್ತು, ನಮಗೂ ಒಂದಿತ್ತು, ಅಷ್ಟೆ. ತೊಂಬತ್ತರ ದಶಕದ ಆ ದಿನಗಳಲ್ಲಿ ಎರಡು ಕ್ಲಬ್ಬುಗಳೂ ಮೈಸೂರಿನ ತಂಡಗಳ ಕೈಯಲ್ಲಿ ಯಾವ ಭೇದಭಾವವೂ ಇಲ್ಲದೆ ಒದೆ ತಿನ್ನುತ್ತಿದ್ದವು. ಆಟದಲ್ಲಿ ನಾವು ಅವರಿಗಿಂತ ಕಡಿಮೆಯಿರಲಿಲ್ಲ, ಹೆಚ್ಚೂ ಇರಲಿಲ್ಲ. ಆದರೆ ಅವರ ಬೆಂಬಲಿಗರಿಗೊಂದು ಹೆಸರಿತ್ತು. ಗೆಲ್ಲಲಿ, ಸೋಲಲಿ, ಆಕಾಶವೇ ಕಳಚಿ ಬೀಳಲಿ, ನರಸೀಪುರದವರು ಕೊನೆಯ ಸೀಟಿ ಊದುವವರೆಗೆ ಮೈದಾನ ಬಿಟ್ಟು ಏಳುವುದಿಲ್ಲ ಎಂದು ಜಿಲ್ಲೆಯಲ್ಲೆಲ್ಲ ಮಾತು. ನಮ್ಮವರ ಬಗ್ಗೆಯೂ ಒಂದು ಮಾತಿತ್ತು, ಹೇಳಲು ನಾಚಿಕೆ. ಎರಡು ಗೋಲು ಬಿದ್ದರೆ ನಂಜನಗೂಡಿನವರಿಗೆ ಥಟ್ಟನೆ ಟೀ ನೆನಪಾಗುತ್ತಿತ್ತು. ಮೂರು ಬಿದ್ದರೆ ಹೆಂಡತಿ ಮಕ್ಕಳು ನೆನಪಾಗುತ್ತಿದ್ದರು.

ಈ ಹೆಸರು ಮಾವನ ಹೊಟ್ಟೆಯೊಳಗೆ ಹಾಕಿದ ಕೆಂಡ. "ಅದೆಲ್ಲಾ ನಾಟ್ಕ ಕಣ್ಲಾ" ಎಂದು ನನ್ನ ಮುಂದೆ ಹಲ್ಲು ಕಡಿಯುತ್ತಿದ್ದರು. ನಾನಾಗ ತಾಲ್ಲೂಕು ಕಚೇರಿಗೆ ಹೊಸದಾಗಿ ಸೇರಿದ್ದ ಗುಮಾಸ್ತ. ಭಾನುವಾರ ಮಾವನ ಪಕ್ಕ ಕೂತು ಆಟ ನೋಡುವುದು ನನ್ನ ಎರಡನೆಯ ನೌಕರಿ. "ಅವ್ರು ಯಾಕ್ ಎದ್ದೋಗಲ್ಲ ಗೊತ್ತಾ? ಭಾನ್ವಾರ ಮದ್ಯಾನ ಕಳುದ್ರೆ ಇಲ್ಲಿಂದ ಅವ್ರ ಬಸ್ಸು ಇರೋದೇ ಆರ್ ಗಂಟೆಗೆ! ಬೇಗ ಎದ್ದು ಎಲ್ಲಿಗ್ ಓಯ್ತಾರೆ? ಬಸ್ಸಿನ್ ಟೈಮ್‌ಗೆಲ್ಲಾ ನಿಷ್ಠೆ ಅಂತ ಎಸ್ರು ಮಡಗವ್ರೆ!"

ಸಿದ್ಧಾಂತ ಮಂಡಿಸಿ ಸುಮ್ಮನಿದ್ದರೆ ಅವರು ನಮ್ಮ ಮಾವ ಹೇಗಾದಾರು? ಪ್ರಯೋಗವನ್ನೂ ಮಾಡಿದರು. ಆ ಸಲ ಪಂದ್ಯ ನಮ್ಮೂರಲ್ಲಿ. ಅಪರೂಪಕ್ಕೆ ನಮ್ಮವರು ಅರ್ಧ ಆಟದೊಳಗೇ ನಾಲ್ಕು ಗೋಲು ಹೊಡೆದಿದ್ದರು. ಮಾವ ಡ್ರೈವರನಿಗೆ ಏನು ಮಂತ್ರ ಹಾಕಿದರೋ, ಆರು ಗಂಟೆಯ ಬಸ್ಸು ನಾಲ್ಕೂವರೆಗೇ ಮೈದಾನದ ಗೇಟಿಗೆ ಬಂದು ನಿಂತಿತು. ಮಾವ ಬಾಗಿಲಿಗೆ ಜೋತುಬಿದ್ದು ಕೂಗಿದರು: "ನರಸೀಪುರ, ನರಸೀಪುರಾ... ಇದೇ ಲಾಸ್ಟು, ಇದ್ ಬುಟ್ರೆ ಇನ್ನಿಲ್ಲ!"

ಐದೇ ನಿಮಿಷದಲ್ಲಿ ಬಸ್ಸು ಭರ್ತಿ! ಮಾವನ ಮುಖ ಊರಗಲ. ಆಮೇಲೆ ಒಳಗೆ ಇಣುಕಿ ನೋಡಿದರೆ ಒಬ್ಬನೇ ಒಬ್ಬ ನರಸೀಪುರದವನಿಲ್ಲ. ಕೂತಿದ್ದವರೆಲ್ಲ ಆ ದಾರಿಯ ಹಳ್ಳಿಗಳ ನಮ್ಮ ಬೆಂಬಲಿಗರು! ಗೆಲ್ಲುತ್ತಿದ್ದರೂ ಎದ್ದು ಬಂದಿದ್ದರು. ನಮ್ಮ ಕ್ಲಬ್ಬಿನ ಅಧ್ಯಕ್ಷರಂತೂ ಕಿಟಕಿ ಪಕ್ಕದ ಸೀಟು ಹಿಡಿದು, "ನಾದಿನಿ ಮನೇಲಿ ಒಂದ್ ಕಾರ್ಯ ಇತ್ತು ಕಣಪ್ಪ" ಎಂದು ಕೈ ಬೀಸಿದರು. ನರಸೀಪುರದವರು ನಾಲ್ಕು ಗೋಲನ್ನೂ ಜೀರ್ಣಿಸಿಕೊಂಡು, ಆಟ ಮುಗಿದ ಮೇಲೆ ಕಬ್ಬಿನ ಲಾರಿಗಳಿಗೆ ಕೈ ಅಡ್ಡ ಹಾಕಿ ಊರಿಗೆ ಹೋದರು.

ಮಾವನಿಗೆ ಒಬ್ಬಳೇ ಮಗಳು, ರತ್ನ. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಆ ದಿನ ಸಂಜೆ ಈ ಕಥೆ ಕೇಳಿ ಅವಳು ದಾರ ಕಚ್ಚಿಕೊಂಡೇ ಹೇಳಿದಳು: "ಅಪ್ಪ, ಅವ್ರು ಯಾಕ್ ಕೂತಿರ್ತಾರೆ ಅನ್ನೋದ್ ಬುಡು. ನಮ್ಮೋರ್ ಯಾಕ್ ಎದ್ದೋಯ್ತಾರೆ ಅದ್ನ ಮೊದ್ಲು ನೋಡು." ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಮುಂದಿನ ಸಿದ್ಧಾಂತ ಊಟದ್ದು. ನರಸೀಪುರ ಕ್ಲಬ್ಬಿನವರು ಬಿಟ್ಟಿ ಚಿತ್ರಾನ್ನ ಹಂಚಿ ಜನ ಸೇರಿಸುತ್ತಾರೆ ಎಂದು ಯಾರೋ ಇವರ ಕಿವಿಗೆ ಊದಿದ್ದರು. ಸರಿ, ಪತ್ತೇದಾರಿಕೆಗೆ ಹೊರಟರು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ತಲೆಗೆ ಉಣ್ಣೆಯ ಮಫ್ಲರ್! ನರಸೀಪುರದ ಮೈದಾನದಲ್ಲಿ ಬೆವರು ಸುರಿಸುತ್ತ ಕೂತರೆ, ಚಿತ್ರಾನ್ನವೂ ಇಲ್ಲ, ಅದರ ವಾಸನೆಯೂ ಇಲ್ಲ. ಹೆಮ್ಮಿಗೆಯಿಂದ ಮೊಮ್ಮಗನ ಆಟ ನೋಡಲು ಬಂದಿದ್ದ ಒಬ್ಬ ಅಜ್ಜಿ ಮಾತ್ರ ಇವರ ಅವತಾರ ಕಂಡು ಕನಿಕರಪಟ್ಟು, ತನ್ನ ಗಂಟು ಬಿಚ್ಚಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು. "ತಿನ್ನು ಮಗ, ಜ್ವರ ಬಂದಂಗದೆ. ಜ್ವರದಲ್ಲೂ ನಮ್ಮುಡುಗ್ರ ಆಟ ನೋಡಕ್ ಬಂದಿದ್ದೀಯಲ್ಲಪ್ಪ!" ಮಾವ ಮೂರು ರೊಟ್ಟಿ ತಿಂದು, ತಡೆಯಲಾರದೆ, "ನೀರದಾ ಅಜ್ಜಿ?" ಎಂದರು. ಅಷ್ಟು ಸಾಕಾಯಿತು. ಮುಂದಿನ ಸಾಲಿನ ಹತ್ತು ತಲೆಗಳು ಒಟ್ಟಿಗೆ ತಿರುಗಿದವು. "ಏಯ್! ನಮ್ ಬಸ್ ಏಜೆಂಟಣ್ಣ ಅಲ್ವುರ್ಲಾ ಇದು!" ಮಫ್ಲರಿಗೆ ಮುಖ ಮುಚ್ಚುವುದು ಗೊತ್ತು, ಆ ಗಂಟಲನ್ನು ಮುಚ್ಚಲು ಅದಕ್ಕೆ ಸಾಧ್ಯವೇ?

ಊರಿಗೆ ಬಂದು ಮಾವ ಸಲ್ಲಿಸಿದ ವರದಿ ಹೀಗಿತ್ತು: "ನಾನ್ ಏಳ್ನಿಲ್ವಾ? ರೊಟ್ಟಿ ಆಸೆ ತೋರ್ಸಿ ಜನ ಸೇರುಸ್ತಾರೆ!"

ಇನ್ನು ಕಪಿಲೆಯ ಮೇಲಿದ್ದ ದೂರು ಬೇರೆಯದೇ. ನಮ್ಮ ಮೈದಾನ ಹೊಳೆಯ ದಂಡೆಯಲ್ಲಿತ್ತು. ನಮ್ಮ ಹುಡುಗರಿಗೆ ಗೋಲಿಗಿಂತ ಹೊಳೆಯೇ ಹೆಚ್ಚು ಹತ್ತಿರ ಕಾಣುತ್ತಿತ್ತು. ನೀರಿಗೆ ಬಿದ್ದ ಚೆಂಡು ಕಪಿಲೆಯ ಜೊತೆ ಸೀದಾ ನರಸೀಪುರದ ದಿಕ್ಕು ಹಿಡಿಯುತ್ತಿತ್ತು. "ಒಳೇನೂ ಅವ್ರ ಪಾರ್ಟಿ" ಎಂದು ಮಾವ ಗೊಣಗುತ್ತಿದ್ದರು. ಒಂದು ಸಲ ನಿಜವಾಗಿಯೂ ಒಂದು ಚೆಂಡು ಅಲ್ಲಿನ ಮೀನುಗಾರರ ಕೈಗೆ ಸಿಕ್ಕಿ, ಕ್ಲಬ್ಬಿನವರು ಅದನ್ನು ಒರೆಸಿ, ಇದೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಾವನ ಹೆಸರಿಗೇ ಕಳಿಸಿದರು. ಮಾವ ಅದನ್ನು ಎಲ್ಲ ಕಡೆ ಒತ್ತಿ ನೋಡಿ, "ನೋಡ್ದಾ ಇವ್ರ್ ಬುದ್ಧಿಯಾ! ಗಾಳಿ ತಗ್ದು ಕಳ್ಸವ್ರೆ!" ಎಂದರು.

ನೀವು ನಗುತ್ತಿದ್ದೀರಿ. ನಾನೂ ಹತ್ತು ವರ್ಷ ನಕ್ಕೆ. ಈಗ ನನ್ನ ಬಗ್ಗೆಯೂ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಈ ಪ್ರಬಂಧ ಬರೆಯುವ ಯೋಗ್ಯತೆ ನನಗಿಲ್ಲ.

ರತ್ನನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಕುಂಟುತ್ತ ನಡೆಯುತ್ತಿದ್ದಳು. ನಮ್ಮ ಕಡೆ ಸೋದರಮಾವನ ಮಗಳೆಂದರೆ ಮಾತು ತೊಟ್ಟಿಲಲ್ಲೇ ಆಗಿರುತ್ತದೆ. ನನಗೂ ರತ್ನನಿಗೂ ಹಾಗೆಯೇ ಆಗಿತ್ತು. ಸರ್ಕಾರಿ ಕೆಲಸ ಸಿಕ್ಕಿದ ಮೇಲೆ ನಾನು ದೊಡ್ಡ ವಿಜ್ಞಾನಿಯಾದೆ. "ರಕ್ತಸಂಬಂಧದಲ್ಲಿ ಮದುವೆ ಆಗಬಾರದಂತೆ, ಡಾಕ್ಟರು ಹೇಳ್ತಾರೆ" ಎಂದು ಅಮ್ಮನ ಮುಂದೆ ಭಾಷಣ ಮಾಡಿ ಜಾರಿಕೊಂಡೆ. ಡಾಕ್ಟರೂ ಇಲ್ಲ, ರಕ್ತವೂ ಇಲ್ಲ. ಆ ಕಾಲು ನನಗೆ ಬೇಡವಾಗಿತ್ತು. ಮಾವ ಮುಂದಿನ ಭಾನುವಾರ ಎಂದಿನಂತೆ ಬಂದು, "ಏಳ್ಲಾ, ಮ್ಯಾಚ್‌ಗೆ ಒತ್ತಾಯ್ತು" ಎಂದರು.

ನನ್ನ ನಂತರ ಎರಡು ಕಡೆಯವರು ಬಂದು ಹೆಣ್ಣು ನೋಡಿದರು. ಇಬ್ಬರೂ ಉಪ್ಪಿಟ್ಟು ತಿಂದು, "ಮನೇಲಿ ಮಾತಾಡಿ ಹೇಳಿ ಕಳಿಸ್ತೀವಿ" ಎಂದು ಎದ್ದು ಹೋದವರು ಮತ್ತೆ ಇತ್ತ ಮುಖ ಹಾಕಲಿಲ್ಲ. ಎರಡು ಸಾವಿರದ ಇಸವಿ ದಾಟಿತು. ಆಗ ಮೂರನೆಯ ಸಂಬಂಧ ಬಂತು. ಹುಡುಗ ಪಂಪ್‌ಸೆಟ್ ರಿಪೇರಿಯವನು. ಊರು ಯಾವುದು ಗೊತ್ತೇ? ಬೇರೆ ಯಾವುದಿರುತ್ತದೆ!

ಹೆಣ್ಣು ನೋಡುವ ದಿನ ನಾನೂ ಇದ್ದೆ. ಮಾವ ಗಂಟಲು ಸರಿಮಾಡಿಕೊಂಡು, "ಬಿಡುವಾದಾಗ ಏನ್ ಮಾಡ್ತೀರಪ್ಪ?" ಎಂದು ಕೇಳಿದರು.

"ಫುಟ್‌ಬಾಲ್ ನೋಡಕ್ ಓಯ್ತೀನಿ ಸಾ. ನಮ್ಮ ಕ್ಲಬ್ಬಿಂದು ಒಂದೂ ಬುಟ್ಟಿಲ್ಲ."

ಅತ್ತೆ ಕೊಡಲು ತಂದಿದ್ದ ಕಾಫಿ ಲೋಟವನ್ನು ಹಾಗೇ ವಾಪಸ್ಸು ಒಳಗೆ ತೆಗೆದುಕೊಂಡು ಹೋದರು. ಬಾಗಿಲ ಸಂದಿಯಲ್ಲಿ ರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಅವಳು ಅಷ್ಟು ನಕ್ಕಿದ್ದನ್ನು ನೋಡಿದೆ. ಅದನ್ನು ಮಾವನೂ ನೋಡಿದರು. ಹೊರಡುವಾಗ ಹುಡುಗನ ತಾಯಿ ಹೇಳಿದ್ದು ಅದೇ ಮಾತು: "ಮನೇಲಿ ಕೂತ್ ಮಾತಾಡಿ ಏಳಿ ಕಳುಸ್ತೀವಿ."

ಒಂದು ವಾರ ಸುದ್ದಿಯಿಲ್ಲ. ಹತ್ತು ದಿನವಾಯಿತು. ಆ ಹತ್ತು ದಿನಗಳಲ್ಲಿ ನಂಜನಗೂಡು ಒಂದು ಪವಾಡ ಕಂಡಿತು. ಟೀ ಅಂಗಡಿಯಲ್ಲಿ ಯಾರೋ ರೂಢಿಯಂತೆ ನರಸೀಪುರದವರನ್ನು ಆಡಿಕೊಂಡರೆ ಮಾವ ಬೆಂಚಿನಿಂದ ಎದ್ದು ನಿಂತರು. "ಯಾವೋನ್ಲಾ ಅಂದೋನು? ನರಸೀಪುರ್ದೋರು ಅರ್ಧಕ್ಕೆ ಎದ್ದೋಗೋ ಜನಾನೇ ಅಲ್ಲ! ಜಿಲ್ಲೇಲ್ ಯಾರ್‍ನಾದ್ರೂ ಕೇಳು!" ಅಂಗಡಿಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಅಣ್ಣೋ, ಮೈಗ್ ಸರಿಯಾಗದಾ?" ಎಂದು ಹಣೆ ಮುಟ್ಟಿ ನೋಡಿದ.

ಹನ್ನೊಂದನೆಯ ದಿನ ಭಾನುವಾರ. "ಬಾರ್ಲಾ, ಅಂಗೇ ಒಂದ್ ಮ್ಯಾಚ್ ನೋಡ್ಕಂಡ್ ಬರನ" ಎಂದು ಮಾವ ನನ್ನನ್ನು ನರಸೀಪುರಕ್ಕೆ ಎಳೆದುಕೊಂಡು ಹೋದರು. ಯಾವ ಮ್ಯಾಚು, ಯಾರನ್ನು ನೋಡುವುದು, ಇಬ್ಬರಿಗೂ ಗೊತ್ತಿತ್ತು. ಹುಡುಗ ಎದುರಿನ ಬದಿಯಲ್ಲಿ ಕೂತಿದ್ದ. ಮಾವ ಚೆಂಡಿನ ಕಡೆ ಒಂದು ಸಲವೂ ತಿರುಗಲಿಲ್ಲ.

ಎದುರಾಳಿ ಮೈಸೂರಿನ ತಂಡ. ಬೇಗ ಬೇಗ ಎರಡು ಗೋಲು ಬಿದ್ದವು. ಅರ್ಧ ಆಟಕ್ಕೆ ಮಳೆ ಶುರುವಾಯಿತು. ಮೂರನೆಯ ಗೋಲು ಬಿತ್ತು. ನಾಲ್ಕನೆಯದು ಬಿದ್ದಾಗ ಮಳೆ ಎಂದರೆ ಮಳೆ, ಪಕ್ಕದವನ ಮುಖ ಕಾಣದು. ಆಗ ನಡೆಯಿತು ನೋಡಿ, ಮಾವ ಹತ್ತು ವರ್ಷ ಮಫ್ಲರ್ ಸುತ್ತಿಕೊಂಡು ಹುಡುಕಿದ್ದ ಆ ಘಟನೆ. ನರಸೀಪುರದವರು ಏಳತೊಡಗಿದರು! ಮೊದಲು ಇಬ್ಬರು, ಆಮೇಲೆ ಒಂದು ಸಾಲು, ಆಮೇಲೆ ಗುಂಪುಗುಂಪಾಗಿ. ತಲೆಯ ಮೇಲೆ ಚಪ್ಪಲಿ, ಚೀಲ, ಪೇಪರ್, ಸಿಕ್ಕಿದ್ದನ್ನು ಹಿಡಿದುಕೊಂಡು ಗೇಟಿನ ಕಡೆ ಓಟ.

ಕುಣಿದು ಕುಪ್ಪಳಿಸಬೇಕಾಗಿದ್ದ ಮನುಷ್ಯ ಬಿಳುಚಿಕೊಂಡರು. ಓಡುವವರಿಗೆ ಎರಡೂ ಕೈ ಅಡ್ಡ ಹಿಡಿದು, ಬಸ್ ಏಜೆಂಟನ ಪೂರ್ತಿ ಗಂಟಲಿನಲ್ಲಿ ಕೂಗಿದರು: "ಎಲ್ಲಿಗ್ ಓಯ್ತೀರ್‍ರೋ? ಇನ್ನೂ ಟೈಮದೆ, ಕೂತ್ಕಳ್ರೋ! ನಿಮ್ ಎಸ್ರು ಕೆಡುತ್ತೆ, ಕೂತ್ಕಳ್ರೋ!" ಯಾರೂ ಕೂರಲಿಲ್ಲ. ಮಾವನ ದನಿ ಒಡೆಯಿತು. ಮೈದಾನದ ಆ ಬದಿಗೆ ನೋಡಲು ಅವರಿಗೆ ಧೈರ್ಯವಿರಲಿಲ್ಲ. "ನೀನ್ ನೋಡ್ಲಾ" ಎಂದರು.

ನೋಡಿದೆ. ಮಳೆ ಒಂದಿಷ್ಟು ತೆಳುವಾಗಿತ್ತು. ಆ ಬದಿಯಲ್ಲಿ ಐದಾರು ಜನ ಉಳಿದಿದ್ದರು. ಅವರಲ್ಲೊಬ್ಬ, ನಾವು ನೋಡಲು ಬಂದಿದ್ದ ಅದೇ ಹುಡುಗ, ಗೊಬ್ಬರದ ಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡು, ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಜಾರಿ ಬಿದ್ದ ನಮ್ಮ, ಅಲ್ಲ ಅವರ, ಗೋಲ್‌ಕೀಪರನಿಗೆ "ಏಳು ಏಳು, ಏನಾಗಿಲ್ಲ" ಎಂದು ಕೂಗುತ್ತಿದ್ದ. ಐದನೆಯ ಗೋಲು ಬಿತ್ತು. ಅವನು ಏಳಲಿಲ್ಲ. "ಇನ್ನೂ ಕೂತಿದಾನೆ ಮಾವ" ಎಂದೆ.

ಆಟ ಮುಗಿದ ಮೇಲೆ ಅವನೇ ನಮ್ಮನ್ನು ಕಂಡು ಓಡಿ ಬಂದ. ಮಾವ ಗದರಿಸುವ ದನಿಯಲ್ಲೇ ಕೇಳಿದರು: "ಎಲ್ಲಾ ಎದ್ದೋದ್ರು. ನೀನ್ಯಾಕಪ್ಪ ಓಗ್ನಿಲ್ಲ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಆಟ ಇನ್ನೂ ನಡೀತಿತ್ತಲ್ಲ ಸಾ" ಎಂದ. ಆಮೇಲೆ ಕೊಪ್ಪೆ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಅವ್ವಂಗೆ ಮಂಡಿನೋವು ಜಾಸ್ತಿಯಾಗಿ ಬಸ್ ಅತ್ತಕ್ ಆಗ್ನಿಲ್ಲ ಸಾ, ಅದ್ಕೇ ತಡ ಆಯ್ತು. ಬುಧ್ವಾರ ಎಲೆ ಅಡ್ಕೆ ತಕ್ಕಂಡು ಬತ್ತೀವಿ. ರತ್ನ ಅವ್ರಿಗೆ ಏಳ್ಬುಡಿ, ಪಾಪ, ಕಾಯ್ಕಂಡಿರ್ತಾರೆ."

ಮಾವ ಅವನ ಒದ್ದೆ ಭುಜವನ್ನು ಎರಡು ಸಲ ತಟ್ಟಿ, ತಿರುಗಿ ನಡೆದುಬಿಟ್ಟರು.

ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಊರು ದಾಟಿದ ಮೇಲೆ, ಅಷ್ಟು ದಿನ ಕೇಳಲಾರದೆ ನುಂಗಿಕೊಂಡಿದ್ದನ್ನು ಕೇಳಿದೆ. "ಮಾವ, ನಿಮ್ಗೆ ನನ್ ಮೇಲೆ ಕೋಪ ಇಲ್ವಾ?"

ಅವರು ಮಂಜು ಹಿಡಿದ ಕಿಟಕಿಯ ಗಾಜನ್ನು ಅಂಗೈಯಿಂದ ಒರೆಸಿದರು. "ಇತ್ತು ಕಣ್ಲಾ. ಬೇಕಾದಷ್ಟಿತ್ತು. ಆ ಐದ್ನೇ ಗೋಲ್ ಬಿತ್ತಲ್ಲ, ಆಗ ಓಯ್ತು."

ನನಗೆ ಅಳು ತಡೆಯಲಾಗಲಿಲ್ಲ. ಮೂವತ್ತು ದಾಟಿದ ಗಂಡಸು, ತುಂಬಿದ ಬಸ್ಸಿನಲ್ಲಿ, ಬಿಕ್ಕಿ ಬಿಕ್ಕಿ ಅತ್ತೆ. ಮಾವ ನನ್ನ ಕಡೆ ತಿರುಗಲಿಲ್ಲ. ಎದ್ದು ನಿಂತು, ಬಸ್ಸಿನ ಸೂರು ಸೋರುತ್ತಿದೆಯೆಂದು ಕಂಡಕ್ಟರನ ಮೇಲೆ ಬಿದ್ದು, ಯಾರೊಬ್ಬರೂ ನನ್ನ ಮುಖ ನೋಡದಂತೆ ಊರು ಬರುವವರೆಗೂ ಜೋರಾಗಿ ಜಗಳವಾಡಿದರು.