ಮದ್ದೂರು ದಾಟಿ ಹೋದ ರಾಕೆಟ್ಟು

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಚಂದ್ರನ ಮೇಲೆ ಎಲ್ಲಿ ಇಳಿಯಬೇಕು, ಮಂಗಳ ಗ್ರಹದಲ್ಲಿ ಉಸಿರಾಡುವುದು ಹೇಗೆ ಎಂದು ಕೇಳಿ, ಹೇಳುತ್ತೇನೆ. ಚಿಕ್ಕಂದಿನಲ್ಲಿ ಓದಿದ್ದು ಮಾಂತ್ರಿಕರ, ಹಾರುವ ಕುದುರೆಗಳ ಕತೆ. ಯಲಿಯೂರಿಗೆ ಸೊಸೆಯಾಗಿ ಬಂದ ಮೇಲೆ ರಾಕೆಟ್ಟು, ಬೇರೆ ಲೋಕದ ಜನ. ಒಲೆ ಮುಂದೆ ಕೂತು ಇವನ್ನು ಓದುತ್ತ ಸೀಯಿಸಿದ ಸಾರಿನಲ್ಲಿ ಒಂದು ಕೆರೆ ತುಂಬಬಹುದಿತ್ತು.

ಇಂಥ ನನಗೆ ಮನೆಯವರು ಒಂದು ಜವಾಬ್ದಾರಿ ಒಪ್ಪಿಸಿದರು. ವೈದ್ಯನಾಥಪುರದ ದೇವಸ್ಥಾನದಲ್ಲಿ ನನ್ನ ಮೊಮ್ಮಗನ ಮುಡಿ ತೆಗೆಸುವುದಿತ್ತು. ನಮ್ಮಲ್ಲಿ ಮಗುವಿನ ಮೊದಲ ಕೂದಲಿಗೆ ಸೋದರಮಾವನೇ ಕತ್ತರಿ ಹಾಕಬೇಕು. ಅವನು ಬರುವ ತನಕ ಕ್ಷೌರಿಕ ತಲೆ ಮುಟ್ಟುವ ಹಾಗಿಲ್ಲ. ಸೋದರಮಾವ ಅಂದರೆ ನನ್ನ ಸೊಸೆ ಪವಿತ್ರಳ ತಮ್ಮ ಮಂಜ. ಮಂಡ್ಯದಲ್ಲಿ ರಾತ್ರಿ ಪಾಳಿ ಮುಗಿಸಿ ರೈಲು ಹತ್ತುತ್ತಾನೆ, ಕೂತ ತಕ್ಷಣ ಮಲಗುತ್ತಾನೆ. ನಾನು ಯಲಿಯೂರಿನಲ್ಲಿ ಅದೇ ಡಬ್ಬಿ ಹತ್ತಿ, ಅವನನ್ನು ಮದ್ದೂರಿನಲ್ಲಿ ಇಳಿಸಬೇಕು. ಅಷ್ಟೇ.

"ಅತ್ತೆ, ರಾಹುಕಾಲಕ್ ಮುಂಚೆ ಬಂದ್ಬುಡಿ. ಅವ್ನ್ ಕಣ್ಮುಚ್ಚಕ್ಕೆ ಬುಡ್ಬೇಡಿ," ಎಂದಳು ಪವಿತ್ರ.

"ಬೇರೆ ಗ್ರಹಕ್ಕೆ ಓಗಿ ಬಂದೋರ್ ಕತೆ ಓದಿರೋಳು ಕಣವ್ವ ನಾನು. ಮದ್ದೂರೇನು ಮಹಾ?" ಎಂದೆ.

ರೈಲಿನಲ್ಲಿ ಮಂಜನ ಕತ್ತು ಆಗಲೇ ಎದೆಗೆ ಇಳಿದಿತ್ತು.

"ಕಣ್ ಬುಡ್ಲಾ ಮಂಜ. ಒಂದ್ ಕತೆ ಏಳ್ತೀನಿ ಕೇಳು."

ರಾಕೆಟ್ಟಿನ ಕತೆ ಶುರು ಮಾಡಿದೆ. ಕ್ಯಾಪ್ಟನ್‌ನ ನಿಜವಾದ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಿಂಗೇಗೌಡ ಎಂದು ಇಟ್ಟೆ. ಇರಲಿ ಎಂದು ಊರು ಮಳವಳ್ಳಿ ಮಾಡಿದೆ. ಅವನು ಇಳಿದ ಲೋಕದಲ್ಲಿ ಒಂದು ಪ್ರಾಣಿ. ಯಾರನ್ನು ಕಂಡರೆ ಅವರ ರೂಪವನ್ನೇ ತಾಳುತ್ತದೆ. ಸಂಜೆ ರಾಕೆಟ್ಟಿನ ಬಾಗಿಲಿಗೆ ಇಬ್ಬರು ನಿಂಗೇಗೌಡರು ಬಂದು ನಿಂತರು. ಅದೇ ಮೀಸೆ, ಅದೇ ದನಿ. ಒಳಗೆ ಒಬ್ಬನಿಗೆ ಮಾತ್ರ ಜಾಗ. ಒಳಗಿದ್ದ ಜೊತೆಗಾರರು ಯಾರನ್ನು ಹತ್ತಿಸಿಕೊಳ್ಳಬೇಕು?

ಮಂಜ ನೆಟ್ಟಗೆ ಕೂತ. ಎದುರಿಗಿದ್ದ ಪಂಚೆಯ ಯಜಮಾನರು ಮುಂದಕ್ಕೆ ಬಾಗಿದರು. ವೀಳ್ಯದೆಲೆ ಬುಟ್ಟಿಯವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಜೇಬಲ್ಲಿ ಆಧಾರ್ ಕಾರ್ಡ್ ಐತಾ ನೋಡ್ಬೇಕಾಗಿತ್ತು," ಎಂದರು ಯಜಮಾನರು.

"ಮೀಸೆನೇ ನಕ್ಲು ಮಾಡ್ದೋನ್ಗೆ ಆಧಾರ್ ಕಾರ್ಡ್ ಯಾವ್ ಲೆಕ್ಕ ಕಣಣ್ಣ?" ಎಂದಳು ಎಲೆಯವಳು.

"ಮಳವಳ್ಳೀಲಿ ಯಾರ್ ಮಗ ಅಂತ ಕೇಳ್ಬೇಕು ಅತ್ತೆ," ಎಂದ ಮಂಜ.

"ಇಬ್ರೂ ಸರ್ಯಾಗೇ ಏಳುದ್ರು ಕಣ್ಲಾ."

ವಾದ ಕಾವೇರಿತು. ನಡುವೆ ರೈಲು ಎಲ್ಲೋ ನಿಂತಿತು. ಒಬ್ಬ "ವಡೆ, ವಡೆ" ಎಂದು ಕೂಗುತ್ತ ಬಂದ. ಕಣ್ಣು ಕಟ್ಟಿ ಕೂರಿಸಿದರೂ ಆ ಕೂಗಿನಿಂದ ಮದ್ದೂರು ಎಂದು ತಿಳಿಯಬೇಕು. ನಾನು ಬೇಡವೆಂದು ಕೈಯಾಡಿಸಿ ಕತೆ ಮುಂದುವರಿಸಿದೆ!

ಇಳಿದಾಗ ಚನ್ನಪಟ್ಟಣ. ಯಜಮಾನರೂ ಎಲೆಯವಳೂ ನಮ್ಮೊಂದಿಗೇ ಇಳಿದರು. ಅವರು ಇಳಿಯಬೇಕಾಗಿದ್ದದ್ದೂ ಮದ್ದೂರಿನಲ್ಲೇ. ಅಷ್ಟರಲ್ಲಿ ಮಗನ ಫೋನು.

"ರೈಲ್ ಇಳುದ್ರಾ ಅವ್ವ?"

"ಇಳುದ್ವಿ ಕಣಪ್ಪ."

ಎಲ್ಲಿ ಎಂದು ಅವನು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.

ಮಂಡ್ಯದ ಕಡೆಗೆ ವಾಪಸು ಹೋಗುವ ರೈಲಿಗೆ ಕಾಯುತ್ತ ಕತೆ ಮುಂದಕ್ಕೆ ಹೋಯಿತು. ರೈಲು ಎದುರಿನ ಪ್ಲಾಟ್‌ಫಾರಂಗೆ ಬಂದು, ನಮ್ಮ ಪಾಡಿಗೆ ನಮ್ಮನ್ನು ಬಿಟ್ಟು, ಅದೂ ಹೋಯಿತು. ಆಟೋ ಹಿಡಿದೆವು. ಮದ್ದೂರು ಬಂದರೂ ಆ ಇಬ್ಬರು ಇಳಿಯಲಿಲ್ಲ. ಕೊನೆ ಕೇಳಿಯೇ ಹೋಗುತ್ತೇವೆ ಎಂದರು. ವೈದ್ಯನಾಥಪುರದ ತಿರುವಿನಲ್ಲಿ ಆಟೋದವನು ಹಿಂದಕ್ಕೆ ತಿರುಗಿ, "ಅಜ್ಜಿ, ಆ ಇಬ್ರು ನಿಂಗೇಗೌಡ್ರೂ ಕಿತ್ತಾಡ್ಲಿಲ್ವಾ?" ಎಂದ. ತಿರುಗಿದ್ದು ಅವನ ತಲೆ ಮಾತ್ರ. ಆಟೋ ನೆಟ್ಟಗೆ ಹೋಯಿತು.

ನಾವು ದೇವಸ್ಥಾನ ಸೇರುವಾಗ ರಾಹುಕಾಲ ನಮಗಿಂತ ಮೊದಲೇ ಬಂದು ಕೂತಿತ್ತು. ಮಗು ಕಿರುಚುತ್ತಿತ್ತು. ಪವಿತ್ರಳ ಮುಖ ಕಾದ ಹೆಂಚು.

"ಮಂಜ ಮಲಿಕ್ಕಂಡ್ಬುಟ್ನಾ?"

"ಒಂದ್ ಚಣಾನೂ ಬುಡ್ಲಿಲ್ಲ ಕಣವ್ವ."

"ಮತ್ತೆ?"

ನಾನು ಗೋಪುರ ನೋಡಿದೆ. ಅಷ್ಟರಲ್ಲಿ ಕ್ಷೌರಿಕ ಪೆಟ್ಟಿಗೆ ಮುಚ್ಚಿ ಎದ್ದ. "ನಂಗೆ ಇನ್ನೊಂದ್ ಕಡೆ ಮುಡಿ ಐತೆ, ಓಯ್ತೀನಿ." ಪವಿತ್ರಳ ಕಣ್ಣಲ್ಲಿ ನೀರು ಬಂತು. ಮಗುವಿನ ಮೊದಲ ಶಾಸ್ತ್ರ ನನ್ನಿಂದಲೇ ಹಾಳಾಗಿತ್ತು.

ಯಜಮಾನರು ಕ್ಷೌರಿಕನ ಭುಜ ಒತ್ತಿ ಕೂರಿಸಿದರು. "ಕೂತ್ಕಳಯ್ಯ, ಕತೆ ಕೇಳು. ಇಬ್ರು ನಿಂಗೇಗೌಡ್ರು ಅವ್ರೆ."

ಅವನು ಕೂತ. ರಾಹುಕಾಲ ಕಳೆಯಿತು. ಮಂಜ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕತ್ತರಿ ಹಾಕಿದ. ಸ್ವಲ್ಪ ಹೊತ್ತಿಗೆ ನನ್ನ ಮೊಮ್ಮಗ ತೆಂಗಿನಕಾಯಿಯಂತೆ ಹೊಳೆಯುತ್ತಿದ್ದ. ಪವಿತ್ರ ನಕ್ಕಳು. ಎಲ್ಲರೂ ಊಟಕ್ಕೆ ಕೂತೆವು.

"ಈಗ ಏಳಮ್ಮ," ಎಂದರು ಯಜಮಾನರು. "ಅಸ್ಲಿ ನಿಂಗೇಗೌಡ ಯಾರು?"

ನಾನು ಊಟದ ಎಲೆಯ ಮೇಲಿನ ಉಪ್ಪನ್ನು ಅತ್ತಿತ್ತ ಸರಿಸಿದೆ. "ಗೊತ್ತಿಲ್ಲ ಕಣಣ್ಣ. ಹಳೇ ಪೇಪರ್ ಅಂಗ್ಡೀಲಿ ಸಿಕ್ಕಿದ್ ಪುಸ್ತ್ಕ. ಕೊನೆ ಹಾಳೆಗಳು ಕಿತ್ತೋಗಿದ್ವು."

ಕ್ಷೌರಿಕ ಮಡಿಸಿಟ್ಟ ಕತ್ತಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

ಮುದ್ದೆ ಬಡಿಸುತ್ತಿದ್ದ ಪವಿತ್ರ, ಒಂದು ಕತೆ ಪುಸ್ತಕವನ್ನೂ ಮುಟ್ಟದವಳು, ತಲೆ ಎತ್ತದೆ ಹೇಳಿದಳು: "ಇದ್ಕೆ ಇಷ್ಟೊತ್ತಾ? ಇಬ್ರಿಗೂ ಒಂದೊಂದ್ ಮುದ್ದೆ ಇಕ್ಕಿ. ಅಗಿದೋನು ಆ ಲೋಕ್ದೋನು. ನುಂಗ್ದೋನು ಮಳವಳ್ಳಿಯೋನು."

ಯಜಮಾನರು ತೊಡೆ ತಟ್ಟಿ ನಕ್ಕರು. ಎಲೆಯವಳು ಬುಟ್ಟಿಯಿಂದ ಒಂದು ಕಟ್ಟು ತೆಗೆದು ಕೊಟ್ಟಳು. ನನಗಲ್ಲ, ಪವಿತ್ರಳಿಗೆ. ಮಂಜನಂತೂ, "ಅಕ್ಕ, ಇನ್ನೊಂದ್ ಕತೆ ಏಳಕ್ಕ," ಎಂದ.

ಜೀವಮಾನವಿಡೀ ಲೋಕಲೋಕ ಸುತ್ತಿದ ನಾನು ತಲೆ ತಗ್ಗಿಸಿ ಮುದ್ದೆ ಮುರಿದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಗಿಯುವ ಧೈರ್ಯವಾಗಲಿಲ್ಲ.